ಕಟ್ಟೆಯ ಮೇಲಿನ ಉಗಿ ಎಂಜಿನ್: ಯಾವ ವರ್ಷದ ರೂಪ ಅಸಲಿ?

ಪ್ರಶ್ನೆ: ನಮ್ಮ ಊರಿನ ರೈಲು ನಿಲ್ದಾಣದ ಎದುರು ಮೀಟರ್ ಗೇಜಿನ ವೈಪಿ ವರ್ಗದ ಉಗಿ ಎಂಜಿನ್ ಒಂದನ್ನು ಕಟ್ಟೆಯ ಮೇಲೆ ನಿಲ್ಲಿಸಿ ಇಪ್ಪತ್ತೈದು ವರ್ಷವಾಯಿತು. ಈಗ ಅದರ ದುರಸ್ತಿಗೆ ಒಪ್ಪಿಗೆ ಸಿಕ್ಕಿದೆ. ಬಾಯ್ಲರಿಗೆ ಹಸಿರು, ಚಕ್ರಕ್ಕೆ ಕೆಂಪು, ಚಕ್ರ ತಿರುಗಿಸುವ ರಾಡ್‌ಗಳಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಟೆಂಡರಿನ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯ) ತಳ ತೂತು ಬಿದ್ದಿದೆ, ನಂಬರ್ ಪ್ಲೇಟ್ ಕಳುವಾಗಿದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಬೇಕೆಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಉಳಿದವರಿಗೆ ತಾವು ಚಿಕ್ಕಂದಿನಲ್ಲಿ ಕಂಡ ಹಾಗೆ ಬೇಕು. ಯಾವುದು ಅಸಲಿ? ರಿವೆಟ್ ಬದಲು ವೆಲ್ಡಿಂಗ್ ಮಾಡಿದರೆ ತಪ್ಪೇ? ಮುಂದೆ ಎಂದಾದರೂ ಓಡಿಸಬಹುದೇ?

ಉತ್ತರ: ಬಣ್ಣದ ಡಬ್ಬಿ ಕೊಳ್ಳುವ ಮೊದಲು ಒಂದು ತಾರೀಖು ಗೊತ್ತುಮಾಡಿಕೊಳ್ಳಿ. ಮೂವತ್ತು ನಲವತ್ತು ವರ್ಷ ದುಡಿದ ಎಂಜಿನ್ನಿಗೆ ಒಂದೇ ಒಂದು ಅಸಲಿ ರೂಪ ಅಂತ ಇರುವುದಿಲ್ಲ. ವರ್ಕ್‌ಶಾಪಿಗೆ ಹೋಗಿಬಂದಾಗಲೆಲ್ಲ ಅದರಲ್ಲಿ ಏನಾದರೊಂದು ಬದಲಾಗಿರುತ್ತದೆ. ಇಂಥ ವರ್ಷದಲ್ಲಿ ಇದು ಹೀಗಿತ್ತು ಎಂದು ಆಧಾರ ಕೊಟ್ಟು ಹೇಳಲು ಬಂದರೆ ಅದೇ ಅಸಲಿ. ಬೇರೆಬೇರೆ ವರ್ಷಗಳ ಅಂದವನ್ನು ಆಯ್ದು ಒಟ್ಟುಹಾಕಿದರೆ ಸಿಗುವುದು ಎಂದೂ ಇಲ್ಲದ ಎಂಜಿನ್.

ಲೋಕಕ್ಕೆಲ್ಲ ಗೊತ್ತಿರುವ ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನನ್ನೇ ನೋಡಿ. 1923ರಲ್ಲಿ ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೆ ಹೆಸರೇ ಇರಲಿಲ್ಲ, ನಂಬರ್ 1472. ಹೆಸರೂ 4472 ಎಂಬ ನಂಬರೂ ಬಂದದ್ದು 1924ರಲ್ಲಿ. 1947ರಲ್ಲಿ ಹೆಚ್ಚು ಒತ್ತಡದ ಬಾಯ್ಲರ್ ಕೂರಿಸಿದ್ದರಿಂದ ಅದರ ವರ್ಗವೇ ಬದಲಾಯಿತು. ಸ್ವಲ್ಪ ಕಾಲದಲ್ಲೇ ನಂಬರ್ 60103 ಆಯಿತು. 1959ರ ಹೊತ್ತಿಗೆ ಜೋಡಿ ಚಿಮಣಿ ಬಂತು. ಜೋಡಿ ಚಿಮಣಿಯಲ್ಲಿ ಉಗಿ ಮೆತ್ತಗೆ ಹೊರಬೀಳುತ್ತದೆ, ಹೊಗೆಯನ್ನು ಮೇಲಕ್ಕೆ ಎಸೆಯುವಷ್ಟು ರಭಸ ಉಳಿಯುವುದಿಲ್ಲ. ಹೊಗೆ ಬಾಯ್ಲರಿನ ಮೇಲೆ ಮಲಗಿ ಡ್ರೈವರನ ಕಣ್ಣು ಮುಚ್ಚತೊಡಗಿತು. ಅದಕ್ಕೇ 1961ರಲ್ಲಿ ಚಿಮಣಿಯ ಎರಡೂ ಪಕ್ಕ ಹೊಗೆ ತಿರುಗಿಸುವ ತಗಡು ಹಾಕಿದರು. ಹೀಗೆ ಚಿಮಣಿ, ತಗಡು, ನಂಬರ್, ಬಣ್ಣ ಎಲ್ಲ ಒಂದೇ ಕಾಲಕ್ಕೆ ಸೇರಿದ ಒಂದು ಕಟ್ಟು. 1999ರಲ್ಲಿ ಅದು ಮತ್ತೆ ಓಡಿದಾಗ ಮೈಮೇಲೆ ಅದನ್ನು ಮೊದಲು ಓಡಿಸಿದ ಹಳೆಯ ರೈಲ್ವೆ ಕಂಪನಿಯ ತಿಳಿಹಸಿರು, ನೆತ್ತಿಯಲ್ಲಿ ಜೋಡಿ ಚಿಮಣಿ. ನೋಡಲು ಚೆಂದವಿತ್ತು, ಆದರೆ ದುಡಿಮೆಯ ದಿನಗಳಲ್ಲಿ ಆ ಎರಡೂ ಎಂದೂ ಒಟ್ಟಿಗೆ ಇರಲಿಲ್ಲ. 2016ರಲ್ಲಿ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ ಅದನ್ನು ಓಡಿಸಿದಾಗ ಕಡುಹಸಿರು, 60103 ನಂಬರ್, ಜೋಡಿ ಚಿಮಣಿ, ತಗಡು ಎಲ್ಲವನ್ನೂ ಕೊನೆಯ ದುಡಿಮೆಯ ಕಾಲಕ್ಕೆ ಹೊಂದಿಸಿತು. ಹಳೆಯ ತಿಳಿಹಸಿರನ್ನು ಪ್ರೀತಿಸುವವರಿಗೆ ಬೇಸರವಾಗಿರಬಹುದು, ಆದರೂ ಲೆಕ್ಕ ಸರಿಯಾಗಿತ್ತು.

ನಿಮ್ಮ ಎಂಜಿನ್ನಿಗೂ ಇದೇ ಲೆಕ್ಕ. ವೈಪಿ ವರ್ಗದ 871 ಎಂಜಿನ್‌ಗಳು 1949ರಿಂದ 1970ರವರೆಗೆ ತಯಾರಾದವು. ಅಮೆರಿಕದ ಬಾಲ್ಡ್‌ವಿನ್, ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್ ಮಾಫೈ, ಜಮ್‌ಶೆಡ್‌ಪುರದ ಟೆಲ್ಕೊ ಎಲ್ಲರೂ ಕಟ್ಟಿದ್ದಾರೆ. ಯಾರ ಕೈಯದು ಎಂದು ತಿಳಿಯದೆ ‘ಕಾರ್ಖಾನೆಯ ರೂಪ’ ಎನ್ನುವುದಕ್ಕೆ ಅರ್ಥವಿಲ್ಲ. ಕರ್ನಾಟಕದ ಮಟ್ಟಿಗೆ ಇನ್ನೊಂದು ಎಚ್ಚರಿಕೆ. ಕಟ್ಟೆಯ ಎಂಜಿನ್ನಿನ ಟೆಂಡರಿಗೆ ಈಗಿನ ವಲಯದ ಹೆಸರು ಬರೆಯುವ ಆಸೆ ಸಹಜ. ಆದರೆ ನೈಋತ್ಯ ರೈಲ್ವೆ ಕೆಲಸ ಶುರುಮಾಡಿದ್ದು 2003ರಲ್ಲಿ, ಆ ಹೊತ್ತಿಗೆ ಇಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್‌ಗಳ ದುಡಿಮೆ ಮುಗಿದಿತ್ತು. ಯಾವ ವೈಪಿಯೂ ಆ ಅಕ್ಷರ ಹೊತ್ತು ರೈಲು ಎಳೆದಿಲ್ಲ. ಮೈಸೂರು ಸ್ಟೇಟ್ ರೈಲ್ವೆಯ ಲಾಂಛನವೂ ಆಗದು. ಆ ಸಂಸ್ಥೆ 1951ರಲ್ಲೇ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು.

ನನ್ನ ಸಲಹೆ: ಕೊನೆಯ ದೊಡ್ಡ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಮುಗಿಸಿ ಶೆಡ್ಡಿಗೆ ಬಂದ ದಿನವನ್ನು ಆಯ್ದುಕೊಳ್ಳಿ. ಈಗ ಎಂಜಿನ್ನಿನ ಮೇಲೆ ಇರುವ ಭಾಗಗಳೆಲ್ಲ ಆ ದಿನಕ್ಕೆ ಸೇರಿದವು, ಏನನ್ನೂ ಕಿತ್ತೆಸೆಯಬೇಕಿಲ್ಲ. ಫೋಟೋ ಸಿಗುವುದೂ ಆ ಕಾಲದ್ದೇ, ಕಂಡ ಫಿಟ್ಟರ್‌ಗಳೂ ಫೈರ್‌ಮನ್‌ಗಳೂ ಇನ್ನೂ ನಮ್ಮ ನಡುವೆ ಇದ್ದಾರೆ. ಕಾರ್ಖಾನೆಯ ದಿನಕ್ಕೆ ಹಿಂದಿರುಗಿಸಹೊರಟರೆ ನಡುವಿನ ದುಡಿಮೆಯ ಗುರುತನ್ನೆಲ್ಲ ಅಳಿಸಿ, ಇಲ್ಲದ ಭಾಗಗಳನ್ನು ಊಹೆಯಿಂದ ಮಾಡಬೇಕಾಗುತ್ತದೆ. ಸ್ಟೀಫನ್‌ಸನ್ನರ ರಾಕೆಟ್ ಎಂಬ ಉಗಿ ಎಂಜಿನ್ 1829ರ ರೇನ್‌ಹಿಲ್ ಎಂಜಿನ್ ಪಂದ್ಯದಲ್ಲಿ ಗೆದ್ದಾಗ ಹಳದಿ ಬಣ್ಣದಲ್ಲಿತ್ತು, ಸಿಲಿಂಡರ್‌ಗಳು ಕಡಿದಾಗಿ ಓರೆಯಾಗಿದ್ದವು. ಕೆಲವೇ ವರ್ಷಗಳಲ್ಲಿ ಅವನ್ನು ಹೆಚ್ಚುಕಡಿಮೆ ಮಟ್ಟಸಕ್ಕೆ ಇಳಿಸಿದರು. ಉಳಿದು ಬಂದ ರಾಕೆಟ್ ಇಂದಿಗೂ ಆ ಬದಲಾದ ರೂಪದಲ್ಲೇ ಇದೆ. ಪಂದ್ಯದ ದಿನದ ರೂಪ ಬೇಕಾದಾಗ 1979ರಲ್ಲಿ ಬೇರೆ ಪ್ರತಿಯನ್ನೇ ಕಟ್ಟಿದರು, ಮೂಲವನ್ನು ಮುಟ್ಟಲಿಲ್ಲ.

ಮೊದಲ ತಿಂಗಳ ಕೆಲಸ ಕ್ಯಾಮೆರಾ ಮತ್ತು ನೋಟ್‌ಬುಕ್ಕಿನದು. ಎರಡೂ ಪಕ್ಕ, ಮುಂದೆ, ಹಿಂದೆ, ಕ್ಯಾಬಿನ ಒಳಗೆ, ಚೌಕಟ್ಟಿನ ಕೆಳಗೆ ಪಕ್ಕದಲ್ಲಿ ಅಳತೆಕೋಲು ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಗುದ್ದಿದ ಅಂಕಿಗಳನ್ನು ಹುಡುಕಿ. ಕನೆಕ್ಟಿಂಗ್ ರಾಡ್, ಕಪ್ಲಿಂಗ್ ರಾಡ್, ಕ್ರಾಸ್‌ಹೆಡ್, ಸಿಲಿಂಡರಿಗೆ ಉಗಿ ಬಿಡುವ ವಾಲ್ವ್ ಗೇರಿನ ಕೊಂಡಿಗಳ ಮೇಲೆ ಎಂಜಿನ್ ನಂಬರನ್ನು ಉಳಿಯಿಂದ ಗುದ್ದುವುದು ವರ್ಕ್‌ಶಾಪಿನ ರೂಢಿ. ಎಡಗಡೆ ಒಂದು ನಂಬರ್, ಬಲಗಡೆ ಇನ್ನೊಂದು ಕಂಡರೆ ಗಾಬರಿಯಾಗಬೇಡಿ. ಓವರ್‌ಹಾಲ್ ಸಮಯದಲ್ಲಿ ಸಿದ್ಧವಿದ್ದ ಭಾಗವನ್ನು ಹಾಕಿ ಕಳಿಸುತ್ತಿದ್ದರು, ಬಾಯ್ಲರ್ ಮತ್ತು ಟೆಂಡರ್ ಕೂಡ ಎಂಜಿನ್‌ನಿಂದ ಎಂಜಿನ್‌ಗೆ ಹೋಗುತ್ತಿದ್ದವು. ನಂಬರ್ ಪ್ಲೇಟ್ ಹೋಗಿರುವ ನಿಮ್ಮ ಎಂಜಿನ್ನಿಗೆ ಈ ಅಂಕಿಗಳೇ ಜನ್ಮಪತ್ರ. ವೈಪಿ ನಂಬರುಗಳು 2000ದಿಂದ 2870ರವರೆಗೆ ನಡೆಯುತ್ತವೆ. ಹೆಚ್ಚು ಭಾಗಗಳಲ್ಲಿ, ಮುಖ್ಯವಾಗಿ ಚೌಕಟ್ಟಿನಲ್ಲಿ, ಕಾಣುವ ನಂಬರನ್ನು ಎಂಜಿನ್ನಿನದೆಂದು ಹಿಡಿಯಿರಿ. ಬೇರೆ ನಂಬರಿನ ಭಾಗ ಕಂಡರೆ ಅದನ್ನೂ ಬರೆದಿಡಿ. ಆ ಅಂಕಿಯ ಮೇಲೆ ಗ್ರೈಂಡರ್ ಆಡಿಸಿದವರನ್ನು ಕ್ಷಮಿಸಲಾಗದು.

ಇನ್ನು ಬಣ್ಣ. ಇದಕ್ಕೆ ಉತ್ತರ ಎಂಜಿನ್ನಿನ ಮೈಯಲ್ಲೇ ಇದೆ, ಮರಳೆರಚಿ ಅದನ್ನು ಹಾರಿಸಿಬಿಡದಿದ್ದರೆ. ಮಳೆ ಬಿಸಿಲು ತಾಕದ ಏಳೆಂಟು ಜಾಗ ಆರಿಸಿಕೊಳ್ಳಿ: ನಂಬರ್ ಪ್ಲೇಟ್ ಇದ್ದ ಜಾಗ, ಬಾಯ್ಲರಿನ ಮೇಲಿನ ತಗಡನ್ನು ಬಿಗಿದ ಪಟ್ಟಿಯ ಅಡಿ, ಕ್ಯಾಬಿನ ಸೀಟಿನ ಹಿಂದೆ, ಟೆಂಡರಿನ ಸೂರಿನಂಥ ಅಂಚಿನ ಕೆಳಗೆ, ಚಕ್ರದ ಅರಗಳ ಒಳಮೈ. ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ನೀರು ಹಚ್ಚಿ ಉಜ್ಜಿ. ಮೊದಲು 400ರ ನೀರುಕಾಗದ, ಆಮೇಲೆ 800, ಕೊನೆಗೆ 1200. ನಡುವೆ ಆಳವಾಗಿ, ಅಂಚಿಗೆ ಬಂದಂತೆ ತೆಳುವಾಗಿ, ತಟ್ಟೆಯ ಹಾಗೆ ಇಳಿಜಾರು ಬರಬೇಕು. ಒರೆಸಿ, ಒಂದು ಹನಿ ಬಿಳಿ ಎಣ್ಣೆ ಹಾಕಿ, ಹಗಲು ಬೆಳಕಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಿಂದ ನೋಡಿ. ಮರದ ಬೊಡ್ಡೆಯ ಬಳೆಗಳಂತೆ ಪದರಗಳು ಕಾಣುತ್ತವೆ. ನಡುವೆ ಕಬ್ಬಿಣ, ಸುತ್ತ ಕಿತ್ತಳೆಗೆಂಪಿನ ಸೀಸದ ಪ್ರೈಮರ್, ತಗ್ಗು ತುಂಬುವ ಬೂದು ಬಣ್ಣದ ಲಾಂಬಿ, ಮೇಲುಬಣ್ಣಕ್ಕೆ ಮೊದಲು ಬಳಿಯುವ ಅಸ್ತರು, ಮೇಲುಬಣ್ಣ, ವಾರ್ನಿಶ್, ಮತ್ತೆ ಪ್ರೈಮರ್, ಮತ್ತೆ ಬಣ್ಣ.

ಇಲ್ಲಿ ಹೆಚ್ಚಿನವರು ಎಡವುವುದು ಅಸ್ತರನ್ನು ಮೇಲುಬಣ್ಣ ಎಂದು ಓದುವುದರಲ್ಲಿ. ಎರಡು ಪದರಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಇದೆಯೇ ನೋಡಿ. ಅದು ಮಸಿ ಮತ್ತು ಎಣ್ಣೆ. ಆ ಗೆರೆಯ ಒಳಗಿರುವ ಬಣ್ಣ ವರ್ಷಗಟ್ಟಲೆ ಹೊಗೆಯಲ್ಲಿ ಓಡಾಡಿದೆ, ಅಂದರೆ ಅದೇ ಜನ ಕಂಡ ಬಣ್ಣ. ಗೆರೆಯಿಲ್ಲದೆ ಒಂದಕ್ಕೊಂದು ಅಂಟಿಕೊಂಡ ಪದರಗಳು ಒಂದೇ ವಾರದಲ್ಲಿ ಬಳಿದವು, ಅವು ಅಸ್ತರು. ಕಟ್ಟೆಗೆ ಏರಿಸಿದ ಮೇಲೆ ಬಳಿದ ಪದರಗಳ ನಡುವೆ ಮಸಿ ಇರುವುದಿಲ್ಲ. ಬರೀ ಕೆಮ್ಮಣ್ಣಿನ ಧೂಳು, ತುಕ್ಕಿನ ಪುಡಿ. ಹೊರಗಿನಿಂದ ಒಳಕ್ಕೆ ಎಣಿಸುತ್ತಾ ಬಂದು ಮೊದಲ ಮಸಿಗೆರೆ ಸಿಕ್ಕಿದಲ್ಲಿ ನಿಲ್ಲಿ. ಅದರ ಒಳಗಿನ ಮೇಲುಬಣ್ಣವೇ ಕೊನೆಯ ದುಡಿಮೆಯ ದಿನದ್ದು. ಈಗಿನ ಹಸಿರು ಮಸಿಗೆರೆಯ ಹೊರಗೆ ಸಿಕ್ಕಿದರೆ ನಿಮ್ಮ ಜಗಳ ಅಲ್ಲಿಗೇ ಮುಗಿಯಿತು.

ಬಣ್ಣದ ಛಾಯೆಯನ್ನು ಅಂದೇ ನಿರ್ಧರಿಸಬೇಡಿ. ಅಗಸೆಎಣ್ಣೆಯ ಬಣ್ಣ ಕತ್ತಲಲ್ಲಿ ಮುಚ್ಚಿಕೊಂಡಿದ್ದರೆ ಹಳದಿಗೆ ತಿರುಗುತ್ತದೆ, ಬಿಳಿ ಗೆರೆಯನ್ನು ಕೆನೆಬಣ್ಣವೆಂದೂ ನೀಲಿಯನ್ನು ಹಸಿರೆಂದೂ ತಪ್ಪು ತಿಳಿಯುತ್ತೇವೆ. ತೆರೆದ ಜಾಗವನ್ನು ಎರಡು ಮೂರು ವಾರ ಹಗಲು ಬೆಳಕಿಗೆ ಬಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಆಮೇಲೆ ಭಾರತೀಯ ಮಾನಕ ಐಎಸ್ 5ರ ಬಣ್ಣದ ಪಟ್ಟಿಯ ಪಕ್ಕ ಇಟ್ಟು ಹೋಲಿಸಿ, ನಂಬರನ್ನು ಬರೆದಿಡಿ. ಹಳೆಯ ಕಲರ್ ಫೋಟೋವನ್ನು ಛಾಯೆಗೆ ನಂಬಬೇಡಿ, ಯಾವ ಬಣ್ಣ ಎಲ್ಲಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಬಳಿಯುವಾಗ ಮಾಮೂಲಿ ಎನಾಮಲ್ ಸಾಕು. ಕಾರಿಗೆ ಹೊಡೆಯುವ ಪಾಲಿಯುರೆಥೇನ್ ಗಾಜಿನಂತೆ ಹೊಳೆದು ಉಗಿ ಎಂಜಿನ್ನಿನ ಚಹರೆಯನ್ನೇ ಕೆಡಿಸುತ್ತದೆ. ಅಷ್ಟೇ ಅಲ್ಲ, ಒಂದು ಕಡೆ ಬಿರುಕು ಬಿಟ್ಟರೆ ಒಳಗೆ ನೀರು ನಿಂತು ಹಾಳೆಹಾಳೆಯಾಗಿ ಏಳುತ್ತದೆ. ಸ್ಮೋಕ್‌ಬಾಕ್ಸಿಗೆ (ಚಿಮಣಿಯ ಕೆಳಗಿನ ಹೊಗೆಗೂಡಿಗೆ) ಹೊಳಪಿಲ್ಲದ ಕಪ್ಪು, ಬಾಯ್ಲರಿಗೆ ಹೊಳಪಿನದು. ಎಲ್ಲ ಕಪ್ಪೂ ಒಂದೇ ಕಪ್ಪಲ್ಲ. ಪ್ರತಿ ಪಕ್ಕದಲ್ಲೂ ಒಂದು ಗೇಣು ಚೌಕದಷ್ಟು ಹಳೆಯ ಪದರಗಳನ್ನು ಉಜ್ಜದೆ, ಮೇಲೆ ವಾರ್ನಿಶ್ ಹಚ್ಚಿ, ಅದರ ಮೇಲೆ ಹೊಸ ಬಣ್ಣ ಬಳಿಯಿರಿ. ಐವತ್ತು ವರ್ಷದ ನಂತರ ನಿಮ್ಮ ತೀರ್ಮಾನವನ್ನು ಪರೀಕ್ಷಿಸುವವರಿಗೆ ಅದು ಬೇಕು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಆ ಕಿತ್ತಳೆ ಪ್ರೈಮರಿನಲ್ಲಿ ಸೀಸವಿದೆ, ಒಣಗಿದ್ದಾಗ ಉಜ್ಜಬಾರದು, ಬ್ಲೋಲ್ಯಾಂಪಿನಿಂದ ಸುಡಲೂಬಾರದು. ಬಾಯ್ಲರಿನ ಮೇಲಿನ ತಗಡಿನ ಒಳಗೆ ಬಿಳಿ ಗಾರೆಯಂತೆಯೋ ನಾರಿನಂತೆಯೋ ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಎಂದೇ ತಿಳಿದು ಕೆಲಸ ನಿಲ್ಲಿಸಿ. ತರಬೇತಿ ಪಡೆದವರು ಒದ್ದೆ ಮಾಡಿ, ಮುಚ್ಚಿದ ಚೀಲದಲ್ಲಿ ತೆಗೆಯಬೇಕು. ಸ್ವಯಂಸೇವಕರ ಕೆಲಸ ಇದಲ್ಲ. ಅಸಲಿತನದ ಹೆಸರಿನಲ್ಲಿ ಕಲ್ನಾರನ್ನು ಉಳಿಸಿಕೊಳ್ಳಬೇಕೆಂದು ಯಾರೂ ಕೇಳುವುದಿಲ್ಲ. ಕಟ್ಟೆಯ ಎಂಜಿನ್ನಿಗೆ ಅದರ ಬದಲು ಏನನ್ನೂ ತುಂಬಬೇಡಿ. ತುಂಬಿದ ಉಣ್ಣೆಯಂಥ ವಸ್ತು ಮಳೆನೀರು ಹೀರಿ ತಗಡನ್ನೂ ಬಾಯ್ಲರನ್ನೂ ಒಳಗಿಂದ ತಿನ್ನುತ್ತದೆ. ಆದರೆ ತಗಡನ್ನು ಹೊರುವ ಕಬ್ಬಿಣದ ಬಳೆಗಳ ಎತ್ತರ ಮೊದಲಿನಷ್ಟೇ ಇರಲಿ. ಒಂದಿಂಚು ಕಡಿಮೆಯಾದರೂ ಬಾಯ್ಲರ್ ಬಡಕಲಾಗಿ ಕಾಣುತ್ತದೆ, ಪಟ್ಟಿಗಳ ತುದಿಯೂ ಕೂಡುವುದಿಲ್ಲ.

ಮಳೆಗಾಲಕ್ಕೆ ಮೊದಲು ಬೂದಿ ತೆಗೆಯಿರಿ. ಕಲ್ಲಿದ್ದಲ ಬೂದಿಯಲ್ಲಿರುವ ಗಂಧಕ ನೀರು ಸೇರಿದರೆ ಆಮ್ಲವಾಗುತ್ತದೆ. ಸ್ಮೋಕ್‌ಬಾಕ್ಸಿನ ತಳ, ಬೂದಿತೊಟ್ಟಿ, ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸಿನ ಕೆಳಮೂಲೆಗಳು ಕರಗುವುದು ಇದರಿಂದಲೇ. ಚಿಮಣಿಗೆ ಒಳಗಿನಿಂದ ಮುಚ್ಚಳ ಕೂರಿಸಿ, ಕೆಳಗಿನಿಂದ ಕಾಣದಿರಲಿ. ನೀರು ಹೊರಹೋಗಲು ಹೊಸ ತೂತು ಕೊರೆಯಬೇಡಿ. ಬಾಯ್ಲರ್ ತೊಳೆಯುವ ಪ್ಲಗ್‌ಗಳೂ ಸಿಲಿಂಡರಿನ ಡ್ರೇನ್ ಕಾಕ್‌ಗಳೂ ಅದಕ್ಕೇ ಇವೆ, ಬಿಚ್ಚಿಡಿ.

ಟೆಂಡರಿನ ತಳದ ವಿಷಯ. ಹೊಸ ತಗಡನ್ನು ಒಳಗಿನಿಂದ, ಕಣ್ಣಿಗೆ ಬೀಳದ ಕಡೆ ವೆಲ್ಡ್ ಮಾಡುವುದರಲ್ಲಿ ತಪ್ಪಿಲ್ಲ. ದಾಖಲೆಯಲ್ಲಿ ಬರೆಯಿರಿ, ತಗಡಿನ ಮೇಲೆ ವರ್ಷವನ್ನೂ ಗುದ್ದಿ. ಹೊರಗೆ ಕಾಣುವ ರಿವೆಟ್ ಸಾಲಿಗೆ ಮಾತ್ರ ರಿವೆಟ್ಟೇ ಬೇಕು. ಅರ್ಧಗೋಳದ ಗುಂಡಿಗಳನ್ನು ಅಂಟಿಸಿ ವೆಲ್ಡ್ ಮಾಡುವವರಿದ್ದಾರೆ, ದೂರದಿಂದಲೇ ಗೊತ್ತಾಗುತ್ತದೆ. ಕಾಯಿಸಿದ ರಿವೆಟ್ ಆರುವಾಗ ಕುಗ್ಗಿ ಎರಡು ತಗಡನ್ನು ಬಿಗಿದೆಳೆಯುತ್ತದೆ, ಪ್ರತಿ ತಲೆಯ ಸುತ್ತ ತಗಡು ಸಣ್ಣಗೆ ತಗ್ಗುತ್ತದೆ. ಓರೆ ಬೆಳಕು ಬಿದ್ದಾಗ ಹಳೆಯ ಟೆಂಡರಿನ ಮೈ ಅಲೆಯಂತೆ ಕಾಣುವುದು ಇದರಿಂದ. ವೆಲ್ಡ್ ಮಾಡಿದ ಗುಂಡಿ ಆ ಅಲೆಯನ್ನು ಕೊಡಲಾರದು.

ಉದ್ದದ ಲೆಕ್ಕ ಹೀಗೆ: 6 ಮಿ.ಮೀ.ನ ಎರಡು ತಗಡು, 16 ಮಿ.ಮೀ. ರಿವೆಟ್ ಎಂದುಕೊಳ್ಳಿ. ತೂತು 17 ಮಿ.ಮೀ. ಇರಲಿ. ತಗಡಿನ ದಪ್ಪ 12, ಎದುರು ತಲೆ ಕಟ್ಟಲು ವ್ಯಾಸದ ಒಂದೂವರೆ ಪಟ್ಟು ಅಂದರೆ 24, ತೂತಿನ ಸಂದು ತುಂಬಲು 2-3. ಒಟ್ಟು 38-39 ಮಿ.ಮೀ. ಉದ್ದದ ಕಾಂಡ. ಕಡಿಮೆಯಾದರೆ ತಲೆ ಪೂರ್ತಿ ಕಟ್ಟುವುದಿಲ್ಲ, ಹೆಚ್ಚಾದರೆ ಸುತ್ತ ಚಪ್ಪಟೆ ಅಂಚು ಮೂಡುತ್ತದೆ. ರಿವೆಟ್ ಹೊಳೆಯುವ ಕಿತ್ತಳೆ ಹಳದಿಗೆ ಬಂದಾಗ ತೆಗೆಯಿರಿ, ಮಂಕು ಕೆಂಪಿಗೆ ಇಳಿಯುವ ಮೊದಲು ಬಡಿದು ಮುಗಿಸಿ. ಕುಲುಮೆಯಲ್ಲಿ ಕಿಡಿ ಹಾರಿದ ರಿವೆಟ್ ಸುಟ್ಟುಹೋದದ್ದು. ಅದು ಪೆಡಸಾಗಿರುತ್ತದೆ, ಎಸೆಯಿರಿ. ಗುಜರಿ ತಗಡಿನ ಮೇಲೆ ಮೊದಲು ಮೂರು ಹೊಡೆದು, ಒಂದನ್ನು ನಡುವೆ ಸೀಳಿ ನೋಡಿ. ತೂತಿನ ಗೋಡೆಗೂ ರಿವೆಟ್ಟಿಗೂ ನಡುವೆ ಸಂದು ಕಂಡರೆ ನಿಮ್ಮ ಸುತ್ತಿಗೆಯೋ ಶಾಖವೋ ಸಾಲದು.

ಬೋಲ್ಟುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೆಲಸ ಕೆಡುವುದು ಅಲ್ಲೇ ಹೆಚ್ಚು. ಇಂಥ ಎಂಜಿನ್‌ಗಳಲ್ಲಿ ಇಂಚಿನ ಅಳತೆಯ ವಿಟ್‌ವರ್ತ್ ದಾರ (ಬೋಲ್ಟಿನ ಮೈಯ ಸುರುಳಿಗೆರೆ) ಸಿಗುತ್ತದೆ. ಮುಕ್ಕಾಲು ಇಂಚಿನ ಬೋಲ್ಟ್ ಅಂದರೆ 19.05 ಮಿ.ಮೀ., ಇಂಚಿಗೆ 10 ದಾರ. ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಅಳತೆಯ ಎಂ20 ಬೋಲ್ಟಿನ ಪಿಚ್, ಅಂದರೆ ದಾರದಿಂದ ದಾರಕ್ಕೆ ಅಂತರ, 2.5 ಮಿ.ಮೀ., ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಎಂ20 ನಟ್ಟು ಹಳೆಯ ಬೋಲ್ಟಿನ ಮೇಲೆ ಸಲೀಸಾಗಿ ಏರುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ದಾರದ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಹಿಡಿತ ದಾರದ ತುದಿಯಲ್ಲಿ ಮಾತ್ರ, ಭಾರ ಬಿದ್ದರೆ ಕಿತ್ತು ಬರುತ್ತದೆ. ನೋಟಕ್ಕೂ ಸಲ್ಲುವುದಿಲ್ಲ: ಹಳೆಯ ಮುಕ್ಕಾಲಿಂಚಿನ ನಟ್ಟಿನ ಎದುರುಬದುರು ಮುಖಗಳ ಅಂತರ 33 ಮಿ.ಮೀ., ಎಂ20ಯದು 30. ದಾರದ ಗೇಜ್ ಹಿಡಿದು ಒಂದೊಂದನ್ನೂ ಪರೀಕ್ಷಿಸಿ, ತುಕ್ಕು ಹಿಡಿದ ನಟ್ಟನ್ನು ಗ್ಯಾಸ್ ಕಟರಿನಿಂದ ಹಾರಿಸುವ ಮೊದಲು ಎಣ್ಣೆ ಬಿಟ್ಟು ನಾಲ್ಕು ದಿನ ಕಾಯಿರಿ.

ರಾಡ್‌ಗಳ ಬೆಳ್ಳಿ ಬಣ್ಣ ಹೋಗಲೇಬೇಕು. ಓಡುತ್ತಿದ್ದ ಎಂಜಿನ್ನಿನಲ್ಲಿ ಅವು ಬರೀ ಉಕ್ಕು, ಮೇಲೆ ಎಣ್ಣೆಯ ಪಸೆ. ಬಣ್ಣ ತೆಗೆಯಲು ರಾಸಾಯನಿಕ ಲೇಪ ಮತ್ತು ಮರದ ಚಕ್ಕೆ ಬಳಸಿ, ಕಬ್ಬಿಣದ ಬ್ರಶ್ ಬೇಡ. ಗುದ್ದಿದ ಅಂಕಿಗಳು ಇರುವುದು ಅಲ್ಲೇ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿ, ಮಳೆಗಾಲದ ಮುಂಚೆ ಒಂದು ಸಲ, ನಂತರ ಒಂದು ಸಲ. ಕೀಲೆಣ್ಣೆ ಬಳಿದರೆ ಧೂಳು ಅಂಟಿ ಉಜ್ಜುಪುಡಿಯಾಗುತ್ತದೆ, ಕೈಗೆ ಎಟುಕದ ಕಡೆ ಮಾತ್ರ ಅದು ಸರಿ.

ನಂಬರ್ ಪ್ಲೇಟ್ ಮತ್ತೆ ಎರಕ ಹೊಯ್ಯಿಸುವುದಾದರೆ ಬೇರೆ ಎಂಜಿನ್ನಿನ ಪ್ಲೇಟನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಸುಲಭದ ದಾರಿ ಹಿಡಿಯಬೇಡಿ. ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. 400 ಮಿ.ಮೀ. ಪ್ಲೇಟ್ 394ಕ್ಕೆ ಇಳಿಯುತ್ತದೆ, ಹಳೆಯ ಬೋಲ್ಟಿನ ತೂತಿಗೆ ಕೂರುವುದಿಲ್ಲ. ಕುಗ್ಗುವಿಕೆ ಸೇರಿಸಿದ ಅಳತೆಯಲ್ಲಿ ಮರದ ಮಾದರಿ ಮಾಡಿಸಿ. ಕ್ಯಾಬಿನ ಪಕ್ಕದಲ್ಲಿ ಉಳಿದಿರುವ ತೂತುಗಳ ಅಂತರವೇ ನಿಮ್ಮ ಅಸಲಿ ಅಳತೆ. ಪ್ಲೇಟಿನ ಹಿಂಬದಿಯಲ್ಲಿ ‘ಪ್ರತಿ’ ಎಂಬ ಪದವೂ ಎರಕದ ವರ್ಷವೂ ಅಚ್ಚಿನಲ್ಲೇ ಇರಲಿ. ಇಲ್ಲದಿದ್ದರೆ ಇನ್ನೊಂದು ತಲೆಮಾರಿನಲ್ಲಿ ಅದು ಮೂಲದ ಬೆಲೆಗೆ ಮಾರಾಟವಾಗುತ್ತದೆ.

ಓಡಿಸುವ ವಿಚಾರ. ಅಲ್ಲಿ ಅಸಲಿತನದ ಅರ್ಥವೇ ಬದಲಾಗುತ್ತದೆ, ವಸ್ತು ಹೋಗಿ ಕೆಲಸದ ರೀತಿ ಉಳಿಯುತ್ತದೆ. ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ವರ್ಗದ ಕೆಲವು ಎಂಜಿನ್‌ಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಿಸಿದರು, ತಿರುಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ ಹೊಸದನ್ನೂ ಕಟ್ಟಿತು. ಹಲ್ಲುಹಳಿಯ ಮೇಲೆ ಉಗಿಯಿಂದಲೇ ಏರುವ ವಿದ್ಯೆ ಹೀಗೆ ಜೀವಂತ ಉಳಿಯಿತು. ಇಂಗ್ಲೆಂಡಿನಲ್ಲಿ 2008ರಲ್ಲಿ ಮುಗಿದ ಟೊರ್ನಾಡೊ ಹಳೆಯ ನಕ್ಷೆಯಂತೆ ಕಟ್ಟಿದ ಪೂರ್ತಿ ಹೊಸ ಉಗಿ ಎಂಜಿನ್. ಅದರ ಬಾಯ್ಲರನ್ನು ಜರ್ಮನಿಯ ಮೈನಿಂಗನ್‌ನಲ್ಲಿ ರಿವೆಟ್ಟಿಲ್ಲದೆ ವೆಲ್ಡ್ ಮಾಡಿ ಕಟ್ಟಿದರು, ಫೈರ್‌ಬಾಕ್ಸ್ ತಾಮ್ರದ ಬದಲು ಉಕ್ಕಿನದು. ಅದು ಹಳೆಯದೆಂದು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ತಕರಾರೂ ಇಲ್ಲ.

ವೈಪಿ ಬಾಯ್ಲರಿನ ಒತ್ತಡ ಚದರ ಇಂಚಿಗೆ 210 ಪೌಂಡ್. ಇಪ್ಪತ್ತೈದು ಮಳೆಗಾಲ ಕಂಡ ತಗಡಿಗೆ ಆ ಒತ್ತಡ ಕೊಡುವ ಮಾತು ಭಾವನೆಯಿಂದ ತೀರ್ಮಾನವಾಗುವಂಥದ್ದಲ್ಲ. ಒಂದಡಿ ಅಂತರದ ಚೌಕಗಳಲ್ಲಿ ಅಲ್ಟ್ರಾಸಾನಿಕ್ ಮೀಟರಿನಿಂದ ದಪ್ಪ ಅಳೆಯಿಸಿ. ಫೈರ್‌ಬಾಕ್ಸಿನ ಕೆಳಮೂಲೆಗಳಲ್ಲೂ ಬಾಯ್ಲರಿನ ಅಡಿಹೊಟ್ಟೆಯಲ್ಲೂ ಅರ್ಧ ಅಡಿಗೊಂದು ಅಳತೆ ಬೇಕು. ಫೈರ್‌ಬಾಕ್ಸಿನ ಒಳತಗಡು ಹೊರತಗಡುಗಳನ್ನು ಹಿಡಿದಿರುವ ಸ್ಟೇ ಬೋಲ್ಟುಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕು, ಮುರಿದದ್ದು ಮಂಕಾಗಿ ಸದ್ದು ಕೊಡುತ್ತದೆ. ಫೈರ್‌ಬಾಕ್ಸಿನ ನೆತ್ತಿಯ ಸೀಸದ ಪ್ಲಗ್ ನೀರು ಕಡಿಮೆಯಾದಾಗ 327 ಡಿಗ್ರಿಗೆ ಕರಗಿ ಎಚ್ಚರಿಸಬೇಕಾದದ್ದು, ಹಳೆಯದನ್ನು ಯಾವ ಕಾರಣಕ್ಕೂ ಮತ್ತೆ ಬಳಸುವಂತಿಲ್ಲ. ಇಷ್ಟೆಲ್ಲ ಆದಮೇಲೆ ಅಧಿಕೃತ ಬಾಯ್ಲರ್ ತಪಾಸಣೆ, ತಣ್ಣೀರಿನ ಒತ್ತಡ ಪರೀಕ್ಷೆ. ಹೆಚ್ಚಿನ ಕಡೆ ಉತ್ತರ ಹೊಸ ಬಾಯ್ಲರ್ ಎಂದೇ ಬರುತ್ತದೆ. ಆಗ ಹಳೆಯದನ್ನು ಗುಜರಿಗೆ ಹಾಕದೆ, ಎಂಜಿನ್ನಿನ ಪಕ್ಕದಲ್ಲೇ ಸೂರಿನಡಿ ಇಡಲು ಜಾಗ ನೋಡಿಕೊಳ್ಳಿ. ದಪ್ಪದ ಅಳತೆಯ ಪಟ್ಟಿ ಕೈಗೆ ಬರುವ ತನಕ ಓಡಿಸುತ್ತೇವೆಂದು ಊರಿನಲ್ಲಿ ಯಾರಿಗೂ ಮಾತು ಕೊಡಬೇಡಿ.